ಅಂಚು ಕೊರೆಯುವ ಏಡಿ

ಹೊಸನಗರದ ಕಡೆಯ ಹಳ್ಳಿಯೊಂದರಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ನನಗೆ ಇನ್‌ಲ್ಯಾಂಡ್ ಪತ್ರ ಬರೆದಿದ್ದಾಳೆ. ದುಂಡನೆಯ ಅಕ್ಷರ, ಒಂದೂ ಕಾಟು ಇಲ್ಲ. ಅವಳ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಈಗಲೂ ದನಿ ತಗ್ಗಿಸಿಯೇ ಹೇಳುವುದು. ಅವಳ ಮನೆಯವರಿಗೆ ಸಂಕೋಚವಾಗುವುದು ಬೇಡ.

“ಅಜ್ಜ, ನಮ್ಮ ಅಮ್ಮಮ್ಮನಿಗೆ ಕೆನ್ನೆಯ ಒಳಗೆ ಹುಣ್ಣಾಗಿತ್ತು. ಕ್ಯಾನ್ಸರ್ ಅಂದರು. ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ. ಬೇರೆ ಕಡೆ ಹರಡಿದ ಹಾಗೆ ಕಾಣುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾದರೆ ಕುತ್ತಿಗೆಯನ್ನು ಯಾಕೆ ಕೊಯ್ದರು? ಕೆನ್ನೆಯಿಂದ ಕುತ್ತಿಗೆಗೆ ಅದು ಹೇಗೆ ಹೋಗುತ್ತದೆ? ಕ್ಯಾನ್ಸರಿಗೆ ಕಾಲಿರುತ್ತದಾ? ಮನೆಯಲ್ಲಿ ಕೇಳಿದರೆ ಸುಮ್ಮನಿರು ಅನ್ನುತ್ತಾರೆ.”

ಸುಮ್ಮನಿರು ಅನ್ನುವುದು ಸುಲಭ. ಆದರೆ ಇದು ಮಕ್ಕಳು ಮಾತ್ರ ಕೇಳುವ ಪ್ರಶ್ನೆಯಲ್ಲ. ನಮ್ಮ ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರ ನರಸೀಪುರ ಎಂಬ ಊರಿದೆ. ಅಲ್ಲಿಯ ನಾಟಿ ಔಷಧಕ್ಕಾಗಿ ಎಲ್ಲೆಲ್ಲಿಂದಲೋ ಬಂದ ಜನ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಆ ಸಾಲಿನಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದ ಮಾತು ಒಂದೇ: “ಹರಡಿದೆಯಾ?” ಔಷಧದ ಗುಣಾವಗುಣ ಇವತ್ತಿನ ವಿಷಯವಲ್ಲ. ಎಲ್ಲಿಗೇ ಹೋಗುವುದಿದ್ದರೂ ಆಸ್ಪತ್ರೆಯ ಚಿಕಿತ್ಸೆಯನ್ನು ಮಾತ್ರ ಒಂದು ದಿನವೂ ತಡಮಾಡಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ‘ಹರಡುವುದು’ ಎಂದರೆ ಏನು ಎಂಬುದೇ ಇವತ್ತಿನ ಮಾತು.

ನಾನು ಡಾಕ್ಟರಲ್ಲ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಬಿ.ಕಾಂ. ಮಾಡಿ ತೀರ್ಥಹಳ್ಳಿ, ಹೊಸನಗರ, ಸಾಗರ ಎಂದು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದರೆ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಲ್ಲಿ ಜೀವಕೋಶಗಳ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಪತ್ರ ಬಂದ ದಿನ ಅವಳಿಗೆ ಫೋನ್ ಮಾಡಿ ಓದಿ ಹೇಳಿದೆ. “ಕಾಲಿರುತ್ತದೆ ಅಜ್ಜ, ನಿಜವಾಗಲೂ ಇರುತ್ತದೆ” ಅಂದಳು. ಅಲ್ಲಿಂದ ಒಂದು ತಿಂಗಳು ಅವಳ ತಲೆ ತಿಂದಿದ್ದೇನೆ.

ಮೊದಲು ಹೆಸರಿನಿಂದ ಶುರು ಮಾಡೋಣ. ಕ್ಯಾನ್ಸರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಏಡಿ. ಅದಕ್ಕೂ ಮುಂಚೆ ಗ್ರೀಕರು ಕಾರ್ಕಿನೋಸ್ ಎಂದು ಕರೆದಿದ್ದರು, ಅದರ ಅರ್ಥವೂ ಏಡಿಯೇ. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನ ಹಾಗೆ ಕಂಡವಂತೆ. ಕನ್ನಡದಲ್ಲೂ ಇದಕ್ಕೆ ಏಡಿಗಂತಿ ಎಂಬ ಮಾತಿದೆ. ಗ್ರೀಕರು ನೋಡಿದ್ದು ಬಹುಶಃ ಸಮುದ್ರದ ಏಡಿ. ನಮಗೆ ಅಷ್ಟು ದೂರ ಹೋಗುವುದು ಬೇಡ, ಗದ್ದೆಯ ಏಡಿ ಸಾಕು. ನನ್ನ ಮಟ್ಟಿಗೆ ಅದೇ ಹೆಚ್ಚು ಸರಿಯಾದ ಹೋಲಿಕೆ.

ಮಲೆನಾಡಿನ ಮಕ್ಕಳಿಗೆ ಗದ್ದೆಯ ಅಂಚು ಗೊತ್ತು. ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವೆ ಮಣ್ಣು ಮೆತ್ತಿ ಕಟ್ಟಿದ ಗೋಡೆ. ಮೇಲಿನ ಗದ್ದೆಯಲ್ಲಿ ಎಷ್ಟೇ ನೀರು ನಿಂತರೂ, ಎಷ್ಟೇ ಕಳೆ ಬೆಳೆದರೂ, ಅಂಚು ಗಟ್ಟಿಯಿದ್ದರೆ ಅದು ಅಲ್ಲಿಯದೇ ಗಲಾಟೆ. ಆಷಾಢದ ಮಳೆಯಲ್ಲಿ ಏಡಿ ಅಂಚನ್ನು ಕೊರೆಯುತ್ತದೆ. ತೂತು ಹೆಬ್ಬೆರಳಿನಷ್ಟು. ಬೆಳಗಾಗುವುದರೊಳಗೆ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ. ಹಳ್ಳಕ್ಕೆ ಸೇರಿದ ಮೇಲೆ ಯಾವ ಊರಿನ ದಡದಲ್ಲಿ ಏನು ಹೋಗಿ ತಂಗುತ್ತದೋ ಹೇಳುವವರಾರು?

ನಮ್ಮ ಕೆನ್ನೆಯ ಒಳಭಾಗವೂ ಮೆಟ್ಟಿಲು ಗದ್ದೆಯ ಹಾಗೆಯೇ. ಮೇಲುಗಡೆ ಜೀವಕೋಶಗಳು ಇಟ್ಟಿಗೆಯಂತೆ ಒತ್ತೊತ್ತಾಗಿ ಕೂತ ಪದರ. ಅದರ ಕೆಳಗೆ ಒಂದು ತೆಳ್ಳನೆಯ ಹಾಳೆ. ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ತೆಳು. ಅದನ್ನು ಅಡಿಪೊರೆ ಎನ್ನೋಣ. ಇದೇ ಅಂಚು. ಅದರ ಕೆಳಗೆ ಕೊಲಾಜನ್ ಎಂಬ ನಾರಿನ ಬಲೆ, ಆ ಬಲೆಯ ನಡುವೆ ರಕ್ತನಾಳ, ನರ, ದುಗ್ಧರಸದ ಸಣ್ಣ ಕಾಲುವೆಗಳು. ಮುಖ್ಯವಾದ ಮಾತು ಇಲ್ಲಿದೆ: ಅಡಿಪೊರೆಯ ಮೇಲಿನ ಪದರದಲ್ಲಿ ರಕ್ತನಾಳವೂ ಇಲ್ಲ, ದುಗ್ಧನಾಳವೂ ಇಲ್ಲ. ಕೆಟ್ಟ ಕೋಶ ಅಲ್ಲಿ ಹುಟ್ಟಿ, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆದರೂ, ಅಂಚು ದಾಟುವವರೆಗೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ಆ ಹಂತದಲ್ಲಿ ಸಿಕ್ಕಿದರೆ ಅಷ್ಟು ಭಾಗ ತೆಗೆದುಹಾಕಿದರೆ ಸಾಮಾನ್ಯವಾಗಿ ಮುಗಿಯಿತು. ಕ್ಯಾನ್ಸರಿನ ಭಯವೆಲ್ಲ ಅದು ಬೆಳೆಯುವುದರಲ್ಲಿಲ್ಲ, ದಾಟುವುದರಲ್ಲಿದೆ.

ದಾಟಿದ ಮೇಲೆ ಮೊದಲು ಸಿಗುವುದು ದುಗ್ಧರಸದ ಕಾಲುವೆ. ಬಾಯಿಯ ಕಾಲುವೆಗಳೆಲ್ಲ ಹರಿದು ಬರುವುದು ಕುತ್ತಿಗೆಗೆ. ಅಲ್ಲಿ ಹುರುಳಿ, ಹೆಸರುಕಾಳಿನ ಗಾತ್ರದ ಗ್ರಂಥಿಗಳಿವೆ. ಕಾಲುವೆಗೆ ಅಡ್ಡ ಇಟ್ಟ ಜಾಲರಿಯಂತೆ ಕಸವನ್ನು ಹಿಡಿದಿಡುವುದು ಅವುಗಳ ಕೆಲಸ. ಓಡಿಹೋದ ಕೋಶ ಇದ್ದರೆ ಮೊದಲು ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಆದರೆ ಅದು ಕೈಗೆ ಗಂಟಾಗಿ ಸಿಗುವಷ್ಟು ಬೆಳೆಯಲು ಸಮಯ ಬೇಕು, ಅಲ್ಲಿಯತನಕ ‘ಹರಡಿದ ಹಾಗೆ ಕಾಣುವುದಿಲ್ಲ’ ಎನ್ನಬಹುದೇ ಹೊರತು ‘ಹರಡಿಲ್ಲ’ ಎನ್ನಲಾಗುವುದಿಲ್ಲ. ಆ ಡಾಕ್ಟರು ಅಳೆದು ತೂಗಿಯೇ ಮಾತಾಡಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಈ ಬಗ್ಗೆ 500 ರೋಗಿಗಳ ಲೆಕ್ಕ ಇಟ್ಟು 2015ರಲ್ಲಿ ಪ್ರಕಟಿಸಿದರು. ಎಲ್ಲರೂ ಬಾಯಿ ಕ್ಯಾನ್ಸರಿನ ಆರಂಭದ ಹಂತದವರು, ಕುತ್ತಿಗೆಯಲ್ಲಿ ಗಂಟು ಕಾಣದವರು. ಒಂದು ಗುಂಪಿಗೆ ಬಾಯಿಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಬಾಯಿಯದು ಮಾತ್ರ. ಗಂಟು ಕಾಣಿಸಿಕೊಂಡರೆ ಆಮೇಲೆ ಕುತ್ತಿಗೆ. ಮೂರು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 80 ಮಂದಿ ಬದುಕಿದ್ದರು, ಎರಡನೆಯದರಲ್ಲಿ ನೂರಕ್ಕೆ 67.5. ಮೊದಲೇ ಕುತ್ತಿಗೆ ಕೊಯ್ದವರಲ್ಲಿ ಹತ್ತರಲ್ಲಿ ಸುಮಾರು ಮೂವರ ಗ್ರಂಥಿಗಳಲ್ಲಿ, ಯಾರ ಕೈಗೂ ಕಣ್ಣಿಗೂ ಸಿಗದೆ, ಕ್ಯಾನ್ಸರ್ ಆಗಲೇ ಬಂದು ಕೂತಿತ್ತು. ಕುತ್ತಿಗೆ ಯಾಕೆ ಕೊಯ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ.

ಸರಿ, ಕೋಶ ಅಂಚನ್ನು ಹೇಗೆ ದಾಟುತ್ತದೆ? ಮನುಷ್ಯನ ಕೆನ್ನೆಯೊಳಗೆ ಕೂತು ನೋಡಲು ಆಗುವುದಿಲ್ಲ. ಬಯಾಪ್ಸಿಯಲ್ಲಿ ಕಾಣುವುದು ಒಂದು ಕ್ಷಣದ ಫೋಟೋ: ದಾಟಿದೆ ಅಥವಾ ದಾಟಿಲ್ಲ. ದಾಟುತ್ತಿರುವುದನ್ನು ನೋಡಬೇಕೆಂದರೆ ಪ್ರಯೋಗಾಲಯದಲ್ಲಿ ಒಂದು ಸುಳ್ಳು ಅಂಚು ಕಟ್ಟಬೇಕು. ಕೃಷಿ ಇಲಾಖೆಯವರು ಪ್ರಾತ್ಯಕ್ಷಿಕೆ ತಾಕು ಮಾಡುತ್ತಾರಲ್ಲ, ಹಾಗೆ. ಅದು ನಿಮ್ಮ ಗದ್ದೆ ಅಲ್ಲ, ಆದರೆ ಗದ್ದೆಯ ಒಂದಷ್ಟು ಗುಟ್ಟು ಅಲ್ಲಿ ತಿಳಿಯುತ್ತದೆ.

ಈ ಕತೆ ಕ್ಯಾನ್ಸರಿನಿಂದ ಶುರುವಾಗುವುದಿಲ್ಲ, ಗೊದಮೊಟ್ಟೆಯಿಂದ ಶುರುವಾಗುತ್ತದೆ. ಮಳೆಗಾಲದ ಗದ್ದೆ ನೀರಿನಲ್ಲಿ ಕಪ್ಪಗೆ ಬಾಲ ಅಲ್ಲಾಡಿಸುತ್ತಾ ಓಡಾಡುವ ಗೊದಮೊಟ್ಟೆಗಳನ್ನು ಬಾಟಲಿಯಲ್ಲಿ ಹಿಡಿಯದ ಮಕ್ಕಳುಂಟೇ? ಕೆಲವು ವಾರದಲ್ಲಿ ಅದಕ್ಕೆ ಕಾಲು ಬರುತ್ತದೆ, ಬಾಲ ಕರಗುತ್ತದೆ. ಉದುರುವುದಿಲ್ಲ, ಕರಗುತ್ತದೆ. ಆ ಬಾಲ ಎಲ್ಲಿ ಹೋಯಿತು? ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬಿಬ್ಬರು ಇದನ್ನೇ ಕೇಳಿಕೊಂಡರು. ಗೊದಮೊಟ್ಟೆಯ ಬಾಲದ ಚೂರುಗಳನ್ನು ಕೊಲಾಜನ್ ಜೆಲ್ಲಿಯ ಮೇಲೆ ಇಟ್ಟು ನೋಡಿದರು. ಚೂರಿನ ಸುತ್ತ ಜೆಲ್ಲಿ ಕರಗಿ ಗುಂಡಗೆ ಗುಳಿ ಬಿತ್ತು. ಬಾಲದ ಜೀವಕೋಶಗಳು ಕೊಲಾಜನ್ ನಾರನ್ನು ಕತ್ತರಿಸುವ ಕಿಣ್ವವನ್ನು ಹೊರಹಾಕುತ್ತಿದ್ದವು. ಇದು ಪ್ರಕಟವಾದದ್ದು 1962ರಲ್ಲಿ. ಆಮೇಲೆ ಅದೇ ಜಾತಿಯ ಕಿಣ್ವಗಳು ಮನುಷ್ಯರಲ್ಲೂ ಒಂದೊಂದಾಗಿ ಸಿಕ್ಕವು. ಗಾಯ ಮಾಯುವಾಗ, ಮೂಳೆ ಬೆಳೆಯುವಾಗ ಹಳೆಯ ನಾರನ್ನು ಕತ್ತರಿಸಿ ಜಾಗ ಮಾಡಲು ನಮ್ಮ ದೇಹಕ್ಕೇ ಅವು ಬೇಕು.

ಕ್ಯಾನ್ಸರ್ ಕೋಶವೂ ಇದೇ ಕತ್ತರಿಯನ್ನು ಹಿಡಿಯುತ್ತದೆ. ಕತ್ತರಿ ನಮ್ಮದೇ ಮನೆಯದು. ಸಾಕು ನಿಲ್ಲಿಸು ಎಂದರೆ ಕೇಳದ ಕೈಗೆ ಅದು ಸಿಕ್ಕಿದೆ, ಅಷ್ಟೇ. ಕೋಶ ತನ್ನ ಮೈಯಿಂದ ಅಡಿಪೊರೆಯ ಕಡೆಗೆ ಸಣ್ಣ ಸಣ್ಣ ಚಾಚುಗಳನ್ನು ಒತ್ತುತ್ತದೆ, ಆ ಚಾಚಿನ ತುದಿಯಲ್ಲಿ ಕಿಣ್ವ ಸುರಿದು ತೂತು ಮಾಡುತ್ತದೆ. ವಿಜ್ಞಾನಿಗಳು ಇದಕ್ಕೆ ಇನ್ವೇಡೋಪೋಡಿಯಾ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ನುಗ್ಗುಗಾಲು. ಕಾಲಿರುತ್ತದೆ ಎಂದು ನಮ್ಮ ಹುಡುಗಿ ಫೋನಿನಲ್ಲಿ ಹೇಳಿದ್ದು ಇದನ್ನೇ.

ಇನ್ನು ಸುಳ್ಳು ಅಂಚು ಕಟ್ಟುವ ವಿಧಾನ. ಇಲಿಯ ಒಂದು ಜಾತಿಯ ಗಡ್ಡೆ ಅಡಿಪೊರೆಯ ವಸ್ತುವನ್ನು ರಾಶಿರಾಶಿಯಾಗಿ ಮಾಡುತ್ತದೆ ಎಂದು ಗೊತ್ತಾಗಿತ್ತು. ಅದನ್ನು ಬೇರ್ಪಡಿಸಿ ತೆಗೆದದ್ದೇ ಮ್ಯಾಟ್ರಿಜೆಲ್. ತುಪ್ಪದ ಗುಣಕ್ಕೆ ಪೂರ್ತಿ ವಿರುದ್ಧ ಇದು: ಫ್ರಿಜ್ಜಿನ ತಣ್ಣಗೆ ನೀರಾಗಿರುತ್ತದೆ, ಮೈ ಬಿಸಿಗೆ ಹೆಪ್ಪುಗಟ್ಟುತ್ತದೆ. “ಕೈ ನಿಧಾನವಾದರೆ ಪಿಪೆಟ್ಟಿನಲ್ಲೇ ಹೆಪ್ಪಾಗುತ್ತದೆ ಅಜ್ಜ, ಅದರ ಬೆಲೆ ಕೇಳಬೇಡಿ” ಎಂದು ನಮ್ಮ ಹುಡುಗಿ ಗೊಣಗುತ್ತಾಳೆ. 1987ರಲ್ಲಿ ಬಂದ ವಿಧಾನ ಬಹಳ ಸರಳ. ಒಂದು ಸಣ್ಣ ಬಟ್ಟಲು, ಅದರ ತಳ ಜರಡಿ. ಜರಡಿಯ ತೂತು 8 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು. ಜರಡಿಯ ಮೇಲೆ ಮ್ಯಾಟ್ರಿಜೆಲ್ ಸವರುತ್ತಾರೆ. ಮೇಲೆ ಕೋಶಗಳನ್ನು ಬಿಡುತ್ತಾರೆ, ಕೆಳಗೆ ಅವುಗಳಿಗೆ ಇಷ್ಟವಾದ ಆಹಾರ ಇಡುತ್ತಾರೆ. ಸಾಧು ಕೋಶಗಳು ಮೇಲೇ ಉಳಿಯುತ್ತವೆ. ಪುಂಡ ಕೋಶಗಳು ಜೆಲ್ಲಿ ಕೊರೆದು, ತೂತಿನಲ್ಲಿ ನುಸುಳಿ ಕೆಳಗೆ ಬರುತ್ತವೆ. ಮರುದಿನ ಕೆಳಗಿನವನ್ನು ಎಣಿಸಿದರಾಯಿತು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಈ ವಿಧಾನ ತಟ್ಟನೆ ಹಿಡಿಸಿತು.

ಆದರೆ ಎಣಿಸಿದರೆ ಎಷ್ಟು ದಾಟಿದವು ಎಂದು ಗೊತ್ತಾಗುತ್ತದೆಯೇ ವಿನಾ ಹೇಗೆ ದಾಟಿದವು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಕೋಶಗಳನ್ನು ಚಪ್ಪಟೆ ತಟ್ಟೆಯಿಂದ ಎತ್ತಿ ಜೆಲ್ಲಿಯೊಳಗೆ ಎಲ್ಲ ದಿಕ್ಕಿನಿಂದಲೂ ಮುಳುಗಿಸಿ ಇಡಬೇಕಾಯಿತು. ಅಮೆರಿಕದ ಬರ್ಕ್ಲಿಯಲ್ಲಿ ಮಿನಾ ಬಿಸ್ಸೆಲ್ ಎಂಬ ವಿಜ್ಞಾನಿ ಈ ದಾರಿ ಹಿಡಿದವರಲ್ಲಿ ಮುಖ್ಯರು. ಗಾಜಿನಷ್ಟು ಗಟ್ಟಿಯಾದ ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದಾಗ ಸ್ತನದ ಸಾಧು ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಬೇರೆಬೇರೆ ಎಂದು ಗುರುತಿಸುವುದು ಕಷ್ಟ. ಅದೇ ಜೆಲ್ಲಿಯೊಳಗೆ ಇಟ್ಟರೆ ಸಾಧು ಕೋಶಗಳು ಒಳಗೆ ಟೊಳ್ಳಿರುವ ಅಚ್ಚುಕಟ್ಟಾದ ಪುಟ್ಟ ಚೆಂಡಾಗುತ್ತವೆ. ಕ್ಯಾನ್ಸರಿನವು ಗಜಿಬಿಜಿ ಮುದ್ದೆಯಾಗುತ್ತವೆ. 1997ರಲ್ಲಿ ಅವರ ತಂಡ ಇನ್ನೊಂದು ಆಶ್ಚರ್ಯ ಕಂಡಿತು. ಕ್ಯಾನ್ಸರ್ ಕೋಶ ಸುತ್ತಲಿನ ಬಲೆಯನ್ನು ಹಿಡಿದುಕೊಳ್ಳುವ ಕೊಕ್ಕೆಯೊಂದನ್ನು ಮುಚ್ಚಿಬಿಟ್ಟಾಗ, ಆ ಗಜಿಬಿಜಿ ಮುದ್ದೆಗಳೂ ಸಾಧುವಾಗಿ ಚೆಂಡಿನ ಆಕಾರಕ್ಕೆ ಬಂದವು. ಕೋಶದೊಳಗಿನ ಕೆಟ್ಟ ಬರಹ ಹಾಗೆಯೇ ಇತ್ತು. ಬದಲಾದದ್ದು ಸುತ್ತಲಿನ ಜೊತೆಗಿನ ಅದರ ವ್ಯವಹಾರ ಮಾತ್ರ.

ಆ ಬರ್ಕ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದ ರಾಮ್‌ರಾಯ್ ಭಟ್ ಎಂಬವರು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. 1909ರಲ್ಲಿ ಶುರುವಾದ, ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ. ಅವರೂ ಅವರ ಜೊತೆಗಾರರೂ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ಗದ್ದೆಯ ಅಂಚಿಗೆ ಬಹಳ ಹತ್ತಿರದ್ದು. ಸ್ತನ ಕ್ಯಾನ್ಸರಿನ ಕೋಶಗಳನ್ನು ಗುಂಪುಗಟ್ಟಿಸಿ ಸಣ್ಣ ಉಂಡೆ ಮಾಡಿದರು. ಉಂಡೆಗೆ ಮೊದಲು ಅಡಿಪೊರೆಯ ಜೆಲ್ಲಿಯ ಹೊದಿಕೆ. ಆಮೇಲೆ ಅದನ್ನು ಕೊಲಾಜನ್ ಬಲೆಯೊಳಗೆ ಹುದುಗಿಸಿದರು. ಮೈಯಲ್ಲಿ ಹೇಗಿದೆಯೋ ಹಾಗೆಯೇ ಎರಡು ಪದರ: ಮೊದಲು ಅಂಚು, ಆಚೆಗೆ ಕೆಳಗಿನ ಗದ್ದೆ. ಆ ಕೋಶಗಳದೂ ಒಂದು ಕತೆ. ಅವು 1970ರ ದಶಕದಲ್ಲಿ ಅಮೆರಿಕದ 51 ವರ್ಷದ ಹೆಂಗಸೊಬ್ಬರ ಎದೆಯ ನೀರಿನಿಂದ ತೆಗೆದ ಕೋಶಗಳ ಸಂತತಿ. ಆಕೆ ಯಾರೋ, ಎಂತೋ. ಅವರ ಕೋಶಗಳು ಇವತ್ತಿಗೂ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ, ನಮಗೆ ಪಾಠ ಹೇಳುತ್ತಿವೆ.

ಸೂಕ್ಷ್ಮದರ್ಶಕದಡಿ ಕಂಡದ್ದು ಹೀಗೆ: ಕೆಲವು ಕೋಶಗಳು ಒಂಟಿಯಾಗಿ ಗುಂಪು ಬಿಟ್ಟು ಕೊಲಾಜನ್ ಬಲೆಯಲ್ಲಿ ಹೊರಟವು. ಕೆಲವು ಸಾಲುಗಟ್ಟಿ ಒಟ್ಟಾಗಿ ಹೊರಟವು. ಎರಡೂ ಒಟ್ಟಿಗೇ ನಡೆಯಿತು. ಆಮೇಲೆ ಇದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆಡಿಸಿದರು. ಕೋಶ ಬಲೆಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ, ಕತ್ತರಿಸುವ ಕಿಣ್ವವೂ ಅದನ್ನು ತಡೆಯುವ ವಸ್ತುವೂ ಸುತ್ತ ಎಷ್ಟೆಷ್ಟು ದೂರ ಹರಡುತ್ತವೆ, ಇವುಗಳ ಹೊಂದಾಣಿಕೆ ಬದಲಾದರೆ ನುಗ್ಗುವ ರೀತಿಯೇ ಬದಲಾಗುತ್ತದೆ ಎಂದು ಅದರಿಂದ ತೋರಿತು. ಒಂದೇ ಏಡಿ, ಒಂದೇ ತೂತು ಎಂಬ ನನ್ನ ಗದ್ದೆಯ ಹೋಲಿಕೆ ಇಲ್ಲಿ ಸ್ವಲ್ಪ ಸೋಲುತ್ತದೆ. ಗುಂಪಾಗಿ ಬರುವ ಏಡಿಗಳನ್ನು ನಾನು ನೋಡಿಲ್ಲ.

“ಹಾಗಾದರೆ ಆ ಕತ್ತರಿಯನ್ನೇ ಕಟ್ಟಿಹಾಕುವ ಮಾತ್ರೆ ಕೊಟ್ಟರೆ ಆಯಿತಲ್ಲ?” ಎಂದು ನಾನು ಕೇಳಿದೆ. ದೊಡ್ಡ ದೊಡ್ಡ ಔಷಧ ಕಂಪನಿಗಳಿಗೂ ಇದೇ ತೋಚಿತ್ತು. 1990ರ ದಶಕದಲ್ಲಿ ಅಂಥ ಮಾತ್ರೆಗಳನ್ನು ಮಾಡಿ ರೋಗಿಗಳಿಗೆ ಕೊಟ್ಟು ನೋಡಿದರು. ಉಪಯೋಗವಾಗಲಿಲ್ಲ, ಕೀಲುನೋವು ಮಾತ್ರ ಬಂತು. ಯಾಕೆ ಸೋತಿತು ಎಂಬುದಕ್ಕೆ ಹಲವು ಕಾರಣ ಹೇಳುತ್ತಾರೆ, ಒಂದು ಕಾರಣ ಕಂಡದ್ದು ಮತ್ತೆ ಜೆಲ್ಲಿಯಲ್ಲಿಯೇ. 2003ರಲ್ಲಿ ಜರ್ಮನಿಯ ಪೀಟರ್ ಫ್ರೀಡ್ಲ್ ಅವರ ತಂಡ ಕೊಲಾಜನ್ ಬಲೆಯೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟು, ಕತ್ತರಿಸುವ ಕಿಣ್ವಗಳನ್ನೆಲ್ಲ ತಡೆದು, ಚಲನಚಿತ್ರ ತೆಗೆಯಿತು. ಕೋಶಗಳು ನಿಲ್ಲಲಿಲ್ಲ. ಉದ್ದಕ್ಕೆ ಚಾಚಿಕೊಂಡಿದ್ದವು ಗುಂಡಗಾದವು. ಅಮೀಬಾದ ಹಾಗೆ ಮೈಯನ್ನು ಹಿಂಡಿ ಹಿಸುಕಿ, ಕತ್ತರಿಸದೆಯೇ, ನಾರುಗಳ ಸಂದಿಯಲ್ಲಿ ನುಸುಳಿದವು. ಬೇಲಿ ಹಾರಲಾಗದ ಬೆಕ್ಕು ಬೇಲಿಯ ಬುಡದಲ್ಲಿ ತೂರಿದ ಹಾಗೆ. ಸಾವಿರಾರು ರೋಗಿಗಳ ಮೇಲೆ ಸೋತ ಮೇಲೆ ತಿಳಿದದ್ದು ಒಂದು ಬಟ್ಟಲು ಜೆಲ್ಲಿಯಲ್ಲಿ ಮೊದಲೇ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು. ಇಂಥ ಪ್ರಯೋಗಕ್ಕೆ ಯಾಕಷ್ಟು ದುಡ್ಡು ಸುರಿಯುತ್ತಾರೆ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನು. ಹಾಗೆಂದು ಜೆಲ್ಲಿಯೇ ದೇಹವಲ್ಲ. ಅಲ್ಲಿ ರಕ್ತ ಹರಿಯುವುದಿಲ್ಲ, ಕಾವಲು ಕಾಯುವ ಬಿಳಿ ರಕ್ತಕಣಗಳಿಲ್ಲ, ವಯಸ್ಸಾಗುವುದಿಲ್ಲ.

ಇಷ್ಟು ಹೊತ್ತು ಏಡಿಯ ಮಾತಾಯಿತು. ಅಂಚಿನ ಮಣ್ಣಿನ ಮಾತು ಬಾಕಿ ಇದೆ. 1889ರಲ್ಲಿಯೇ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆ ನೋಡಿ, ಬೀಜ ಎಲ್ಲ ಕಡೆ ಬಿದ್ದರೂ ತಕ್ಕ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಬರೆದಿದ್ದ. ರೈತರಿಗೆ ಇದು ಹೊಸ ಮಾತಲ್ಲ. ವಿಜ್ಞಾನಕ್ಕೆ ಅದು ಪೂರ್ತಿ ನಾಟಲು ನೂರು ವರ್ಷ ಬೇಕಾಯಿತು. 2009ರಲ್ಲಿ ವ್ಯಾಲರಿ ವೀವರ್ ಅವರ ತಂಡ ತೋರಿಸಿದ್ದು ಹೀಗಿದೆ: ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಮಾಡುತ್ತದೆ; ಬಲೆ ಬಿಗಿದು ಬಿರುಸಾದಷ್ಟೂ ಕೋಶಗಳು ನುಗ್ಗುವುದು ಹೆಚ್ಚುತ್ತದೆ; ಆ ಕಿಣ್ವವನ್ನು ತಡೆದರೆ ನುಗ್ಗುವುದು ಕಡಿಮೆಯಾಗುತ್ತದೆ. ಗಟ್ಟಿಯಾದರೆ ಅಂಚು ಭದ್ರ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಹಾಗಲ್ಲ. ಒಣಗಿ ಬಿರುಕು ಬಿಟ್ಟ ಅಂಚನ್ನು ನೆನೆಸಿಕೊಳ್ಳಿ.

ಇದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಡಿಕೆ. ಈಗ ಬರೆಯುವುದನ್ನು ಓದಿ ಕೆಲವರು ಮುಖ ತಿರುಗಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಅಡಿಕೆಯ ಮೇಲೆ ನಿಂತಿವೆ. ನನ್ನ ಬ್ಯಾಂಕಿನ ಬೆಳೆ ಸಾಲ ತೀರುತ್ತಿದ್ದುದು ಅಡಿಕೆ ಮಂಡಿಯ ಚೀಟಿ ಬಂದ ಮೇಲೆಯೇ. ಕೊಳೆರೋಗ ಬಂದ ವರ್ಷ, ಈಗೀಗ ಎಲೆಚುಕ್ಕಿ ರೋಗ ಬಂದ ಮೇಲೆ, ಮನೆಮನೆಯ ಮುಖ ನೋಡಿದ್ದೇನೆ. ನನ್ನ ಮಕ್ಕಳ ಓದೂ ಅಡಿಕೆಯ ದುಡ್ಡಿನದೇ. ಆದರೆ ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಪಟ್ಟಿಗೆ ಸೇರಿಸಿದೆ. ಅದನ್ನು ಮುಚ್ಚಿಟ್ಟು ಮಕ್ಕಳ ಪತ್ರಿಕೆಯಲ್ಲಿ ಕ್ಯಾನ್ಸರಿನ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಅಡಿಕೆ ಅಗಿಯುವವರಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಕೆನ್ನೆಯ ಒಳಗೆ ಬಿಗಿತ ಬರುತ್ತದೆ. ಖಾರ ತಡೆಯಲಾಗುವುದಿಲ್ಲ. ಮೆದುವಾಗಿದ್ದ ಒಳಕೆನ್ನೆ ಬೆಳ್ಳಗಾಗಿ ನಾರುನಾರಾಗುತ್ತದೆ, ಬಾಯಿ ತೆರೆಯುವುದು ದಿನೇದಿನೇ ಕಡಿಮೆಯಾಗುತ್ತದೆ. ಅಡಿಪೊರೆಯ ಕೆಳಗೆ ಕೊಲಾಜನ್ ಬೇಕಾದ್ದಕ್ಕಿಂತ ಹೆಚ್ಚು ಕೂಡಿ ಬಿಗಿದುಕೊಂಡದ್ದರ ಫಲ ಅದು. ಅಡಿಕೆಯಲ್ಲಿ ತಾಮ್ರದ ಅಂಶ ಚೆನ್ನಾಗಿದೆ. ಮೇಲೆ ಹೇಳಿದ ನಾರು ಹೆಣೆಯುವ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರ ಬೇಕು. ಈ ರೋಗ ಬಂದವರ ಬಾಯಲ್ಲಿ ಆ ಕಿಣ್ವ ಹೆಚ್ಚಾಗಿರುವುದನ್ನು ಕಂಡಿದ್ದಾರೆ. ಜೆಲ್ಲಿಯ ಬಟ್ಟಲಿನ ಪಾಠವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಡಿಕೆ ಮೇಲಿನ ಗದ್ದೆಯಲ್ಲಿ ಕಳೆ ಬಿತ್ತುವುದು ಒಂದು, ಕೆಳಗಿನ ಗದ್ದೆಯ ಮಣ್ಣನ್ನೇ ಬದಲಾಯಿಸುವುದು ಇನ್ನೊಂದು.

“ನಮ್ಮ ಅಜ್ಜಿ ತೊಂಬತ್ತು ವರ್ಷ ಕವಳ ಹಾಕಿದಳು, ಏನಾಯಿತು ಈಗ?” ಎಂದು ಕೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಬಾಯಿ ಬಿಗಿಯುವ ರೋಗದ 66 ಮಂದಿಯನ್ನು 17 ವರ್ಷ ಕಾಲ ಬಿಡದೆ ಗಮನಿಸಿ 1985ರಲ್ಲಿ ಲೆಕ್ಕ ಕೊಟ್ಟರು. 5 ಮಂದಿಗೆ ಕ್ಯಾನ್ಸರ್ ಬಂತು, 61 ಮಂದಿಗೆ ಬರಲಿಲ್ಲ. ಆ 61 ಮನೆಗಳಲ್ಲಿ ‘ಏನೂ ಆಗಲಿಲ್ಲ’ ಎಂಬ ಮಾತು ನಿಜ. ಆದರೆ ಕೊಟ್ಟ ಸಾಲದಲ್ಲಿ ನೂರಕ್ಕೆ ಏಳೆಂಟು ಮುಳುಗುತ್ತದೆ ಎಂದು ಗೊತ್ತಿದ್ದರೆ ಯಾವ ಮ್ಯಾನೇಜರೂ ಅದನ್ನು ಭದ್ರವಾದ ಸಾಲ ಎಂದು ಸಹಿ ಹಾಕುವುದಿಲ್ಲ. ಇಲ್ಲಿ ಮುಳುಗುವುದು ದುಡ್ಡೂ ಅಲ್ಲ. ಇನ್ನು ಗುಟ್ಕಾ, ಹೊಗೆಸೊಪ್ಪಿನ ವಿಷಯ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂಚು ದಾಟಿದೆಯೋ, ಎಷ್ಟು ದಾಟಿದೆಯೋ ಎಂಬುದನ್ನು ಈಗ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬಾಯಿ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಬರುವ ವರದಿಯಲ್ಲಿ ಗಡ್ಡೆಯ ಅಗಲ ಎಷ್ಟು ಎಂಬುದರ ಜೊತೆಗೆ ‘ನುಗ್ಗಿದ ಆಳ’ ಎಂದೂ ಒಂದು ಸಾಲು ಇರುತ್ತದೆ. ಪಕ್ಕದ ಒಳ್ಳೆಯ ಭಾಗದ ಅಡಿಪೊರೆಯ ಮಟ್ಟದಿಂದ, ಗಾರೆಯವರು ತೂಕದ ದಾರ ಇಳಿಬಿಟ್ಟ ಹಾಗೆ, ನೆಟ್ಟಗೆ ಕೆಳಗೆ ಅಳೆಯುವುದು. 5 ಮಿಲಿಮೀಟರಿನೊಳಗೆ ಒಂದು ಲೆಕ್ಕ, 5ರಿಂದ 10 ಒಂದು ಲೆಕ್ಕ, 10 ದಾಟಿದರೆ ಬೇರೆಯೇ ಲೆಕ್ಕ. ಗಡ್ಡೆ ನೋಡಲು ಸಣ್ಣದಿದ್ದರೂ ಆಳಕ್ಕೆ ಇಳಿದಿದ್ದರೆ ಚಿಕಿತ್ಸೆ ಹೆಚ್ಚು ಬೇಕಾಗುತ್ತದೆ. ಮನೆಯವರು ವರದಿಯನ್ನು ಬೀರುವಿನಲ್ಲಿ ಬಚ್ಚಿಡುವ ಬದಲು ಆ ಸಾಲನ್ನು ಡಾಕ್ಟರ ಮುಂದಿಟ್ಟು ಕೇಳಿ ತಿಳಿದುಕೊಳ್ಳಬೇಕು. ಅದರಲ್ಲಿ ಸಂಕೋಚ ಏನೂ ಇಲ್ಲ.

ವರದಿಯ ಹಂತಕ್ಕೆ ಹೋಗುವ ಮೊದಲೇ ನೋಡಿಕೊಳ್ಳುವ ಉಪಾಯವೂ ಇದೆ, ಅದಕ್ಕೆ ಸೂಕ್ಷ್ಮದರ್ಶಕ ಬೇಡ. ಇನ್ನೇನು ಅಡಿಕೆ ಸುಲಿಯುವ ಕಾಲ ಬರುತ್ತದೆ. ರಾತ್ರಿ ಚಪ್ಪರದಡಿ ಮೆಟ್ಟುಗತ್ತಿಯ ಮೇಲೆ ಸಾಲಾಗಿ ಕೂತು ಸುಲಿಯುವವರು ನಿದ್ದೆ ತಡೆಯಲು ಕವಳ ಹಾಕುತ್ತಲೇ ಇರುತ್ತಾರೆ. ಮಕ್ಕಳು ಅಲ್ಲಿ ಕತೆ ಕೇಳಲು ಕೂರುವುದು ಇದ್ದೇ ಇದೆ. ಈ ಸಲ ಒಂದು ಆಟ ಆಡಿಸಿ. ಪ್ರತಿಯೊಬ್ಬರೂ ಕೈ ತೊಳೆದುಕೊಂಡು, ತಮ್ಮದೇ ಕೈಯ ತೋರು, ನಡು, ಉಂಗುರ ಮೂರೂ ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಮೇಲಿನ ಕೆಳಗಿನ ಮುಂಬಲ್ಲಿನ ನಡುವೆ ಇಡಲಿ. ಸಾಮಾನ್ಯವಾಗಿ ಮೂರೂ ಹೋಗಬೇಕು. ಎರಡೇ ಹೋದರೆ, ಅಥವಾ ಕೆನ್ನೆಯೊಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಅಥವಾ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಮರುದಿನ ಸುಲಿಗೆಗೆ ರಜೆ ಹಾಕಿ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ ಬರಬೇಕು. ನೋವಿಲ್ಲವಲ್ಲ ಎಂದು ಬಿಡುವುದು ಬೇಡ. ಅಂಚು ದಾಟುವ ಹೊತ್ತಿನಲ್ಲಿ ಇದು ಬಹಳ ಸಲ ನೋಯುವುದೇ ಇಲ್ಲ.